ಜಾಣ ಕಿವುಡು ಯಾರದು?

'ದನಿ ಇಲ್ಲದವರಿಗೆ ದನಿಯಾಗುತ್ತೇವೆ' - ಈ ಮಾತು ನಮ್ಮ ವೇದಿಕೆಗಳಲ್ಲಿ ಸವೆದ ನಾಣ್ಯ. ಭಾಷಣಕಾರರು ಎಸೀತಾರೆ, ಜನ ಚಪ್ಪಾಳೆ ತಟ್ಟಿ ಆರಿಸ್ಕೋತಾರೆ. ಈ ನಾಣ್ಯ ಖೋಟಾ ಎಂದು ಯಾರಾದರೂ ಹೇಳಬೇಕು. ದನಿ ಇಲ್ಲದವರು ಅಂತ ಈ ಲೋಕದಲ್ಲಿ ಯಾರೂ ಇಲ್ಲ. ಕೇಳಿಸಿಕೊಳ್ಳದವರು ಇದ್ದಾರೆ, ಅಷ್ಟೆ.

ಇದು ಕನ್ನಡಕ್ಕೆ ಗೊತ್ತಿರುವ ಸತ್ಯವೇ. ಬೇಕೆಂದೇ ಕೇಳಿಸಿಕೊಳ್ಳದವನಿಗೆ ನಮ್ಮ ಜನ 'ಜಾಣ ಕಿವುಡು' ಅಂದರು. ಆದರೆ ಅದೇ ಕನ್ನಡ, ನಿಜವಾಗಿ ಕಿವಿ ಕೇಳಿಸದವನ ವಿಷಯ ಬಂದಾಗ 'ಕಿವುಡನ ಮುಂದೆ ಶಂಖ ಊದಿದ ಹಾಗೆ' ಎಂದು ನಗುತ್ತದೆ. ಎದುರಿಗಿರುವವನಿಗೆ ಕಣ್ಣಿದೆ, ಕೈಯಿದೆ, ಬುದ್ಧಿಯಿದೆ. ಆದರೂ ಶಂಖವನ್ನೇ ಯಾಕಪ್ಪಾ ಊದಿದೆ ಅಂತ ಊದಿದವನನ್ನು ಈ ಗಾದೆ ಕೇಳೋದಿಲ್ಲ. ತಪ್ಪೆಲ್ಲಾ ಕಿವುಡನದ್ದು. ಶಂಖ ಹಿಡಿದವನು ಯಾವತ್ತೂ ಶುದ್ಧ.

ಈ ಗಾದೆಯನ್ನು ತಿರುಗಿಸಿ ನಿಲ್ಲಿಸಿದ ಒಬ್ಬ ಹೆಂಗಸಿನ ಬಗ್ಗೆ ಹೇಳಬೇಕಾಗಿದೆ. ಹೆಸರು ಕ್ರಿಸ್ಟೀನ್ ಸನ್ ಕಿಮ್. 1980ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದಾಕೆ. ತಂದೆ ತಾಯಿ ಕೊರಿಯಾದಿಂದ ವಲಸೆ ಬಂದವರು. ಈಕೆ ಹುಟ್ಟುಗಿವುಡಿ. ಬಾಳುವೆ ಬರ್ಲಿನ್ನಿನಲ್ಲಿ. ಇದ್ದಿಲು, ಕಾಗದ, ವಿಡಿಯೋ, ಗೋಡೆ ಇವೇ ಆಕೆಯ ಆಯುಧ. ಆಕೆಯ ವಸ್ತು ಮಾತ್ರ ಶಬ್ದ! ಕಿವಿ ಕೇಳಿಸದವಳಿಗೆ ಶಬ್ದದ ಉಸಾಬರಿ ಯಾಕೆ ಅನ್ನುತ್ತೀರಾ? ಆಕೆ ವರ್ಷಗಳಿಂದ ಹೇಳುತ್ತಾ ಬಂದದ್ದು ಇಷ್ಟು: ಶಬ್ದವೆಂದರೆ ಹಣದ ಹಾಗೆ, ಅಧಿಕಾರದ ಹಾಗೆ. ಅದು ಯಾರ ಕೈಯಲ್ಲಿದೆಯೋ ಅವರು ಲೋಕ ಆಳುತ್ತಾರೆ. ಭೂಮಿ ಇಲ್ಲದವನಿಗೆ ಭೂಮಿಯ ಬೆಲೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಇದೂ ಹಾಗೇ.

2020ರ ಫೆಬ್ರವರಿ 2ರಂದು ಅಮೆರಿಕದ ಫುಟ್‌ಬಾಲಿನ ದೊಡ್ಡ ಜಾತ್ರೆ ಸೂಪರ್ ಬೌಲ್. ಮಯಾಮಿಯ ಮೈದಾನದಲ್ಲಿ ಒಬ್ಬ ಗಾಯಕಿ ರಾಷ್ಟ್ರಗೀತೆ ಹಾಡಿದಳು. ಅದನ್ನೇ ಕಿಮ್ ಅಮೆರಿಕನ್ ಸಂಜ್ಞಾ ಭಾಷೆಯಲ್ಲಿ, ತನ್ನ ಎರಡು ಕೈಗಳಲ್ಲಿ ಹಾಡಿದರು. ಆಕೆಯನ್ನು ಪೂರ್ತಿ ತೋರಿಸುತ್ತೇವೆ ಎಂದು ಟಿವಿಯವರು ಜಾಲತಾಣದಲ್ಲಿ ಬೇರೆಯೇ ಪ್ರಸಾರವಿಟ್ಟಿದ್ದರು. ಮಾಡಿದ್ದೇನು? ಕೆಲವು ಕ್ಷಣ ಆಕೆಯನ್ನು ತೋರಿಸಿ, ಕ್ಯಾಮೆರಾವನ್ನು ಆಟಗಾರರ ಮುಖದ ಕಡೆ ತಿರುಗಿಸಿಬಿಟ್ಟರು. ಕೈಯಲ್ಲಿ ಮಾತಾಡುವವಳನ್ನು ಚೌಕಟ್ಟಿನಿಂದ ಹೊರಗಿಟ್ಟರೆ ಅದು ಬಾಯಿಗೆ ಬಟ್ಟೆ ತುರುಕಿದ ಹಾಗಲ್ಲವೇ? ಕರೆದು, ವೇದಿಕೆ ಹತ್ತಿಸಿ, ಮಾತು ಕಿತ್ತುಕೊಳ್ಳುವುದು! ಮರುದಿನವೇ ಆಕೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ತನ್ನ ಸಿಟ್ಟನ್ನು ಬರೆದರು. ಅದೇ ವರ್ಷ ಅದೇ ರಾಷ್ಟ್ರಗೀತೆಯ ಮೂರನೆಯ ಚರಣವನ್ನು ಇದ್ದಿಲಿನಲ್ಲಿ ಚಿತ್ರವಾಗಿಸಿದರು. ಆ ಚರಣವನ್ನು ಯಾರೂ ಸಭೆಯಲ್ಲಿ ಹಾಡುವುದಿಲ್ಲ. ಅದರಲ್ಲಿ ಗುಲಾಮರ ಮಾತು ಬರುತ್ತದೆ. 1814ರಲ್ಲಿ ಆ ಪದ್ಯ ಬರೆದ ಮನುಷ್ಯ ಸ್ವತಃ ಗುಲಾಮರ ಒಡೆಯ. ಕೇಳುವ ಕಿವಿಗಳು ಕೇಳಿಸಿಕೊಳ್ಳಲು ಒಪ್ಪದ ಚರಣವನ್ನು ಕಿವುಡಿ ಎತ್ತಿ ತೋರಿಸಿದಳು. ಈಗ ಹೇಳಿ, ಜಾಣ ಕಿವುಡು ಯಾರದು?

ಕ್ಯಾಮೆರಾ ತಿರುಗಿಸಿದ ಈ ಕೆಲಸ ಒಂದು ದಿನದ ಪ್ರಮಾದವಲ್ಲ. ಅದಕ್ಕೊಂದು ವಂಶಾವಳಿ ಇದೆ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಸಮ್ಮೇಳನ ನಡೆಯಿತು. 160ಕ್ಕೂ ಹೆಚ್ಚು ಪ್ರತಿನಿಧಿಗಳು. ಅವರಲ್ಲಿ ಕಿವುಡ ಒಬ್ಬನೇ ಒಬ್ಬ. ಬಾಯಿಮಾತೇ ಶ್ರೇಷ್ಠ, ಶಾಲೆಗಳಲ್ಲಿ ಕೈಭಾಷೆ ಕೂಡದು ಎಂದು ಅವರು ತೀರ್ಮಾನಿಸಿದರು. ಶ್ರೇಷ್ಠ! ಈ ಪದ ಕೇಳಿದರೆ ನಮಗೆ ಬೆನ್ನು ಚುರ್ ಅನ್ನಬೇಕು. ಆಮೇಲೆ ಎಷ್ಟೋ ದೇಶಗಳಲ್ಲಿ ಕಿವುಡು ಮಕ್ಕಳ ಕೈ ಕಟ್ಟಿದರು, ಬೆರಳಿಗೆ ಹೊಡೆದರು, ಕೈಯ ಮೇಲೆ ಕೂರಿಸಿದರು. ಕೇಳಿಸದ ಸದ್ದನ್ನು ಬಾಯಲ್ಲಿ ಹೊರಡಿಸಲು ಹಿಂಸಿಸಿದರು. ಈ ಅನ್ಯಾಯಕ್ಕೆ ಅದೇ ಸಮ್ಮೇಳನದ ಮುಂದಿನವರು ವಿಷಾದ ಹೇಳಿದ್ದು 2010ರಲ್ಲಿ, ಕೆನಡಾದ ವ್ಯಾಂಕೋವರಿನಲ್ಲಿ. 130 ವರ್ಷ ಬೇಕಾಯಿತು!

ಶೂದ್ರ ವೇದ ಕೇಳಿದರೆ ಕಿವಿಗೆ ಲೋಹ ಕಾಸಿ ಸುರಿಯಿರಿ ಎಂದು ಗೌತಮ ಧರ್ಮಸೂತ್ರ ಬರೆದಿಟ್ಟ ನೆಲ ನಮ್ಮದು. ಏಕಲವ್ಯನ ಹೆಬ್ಬೆರಳನ್ನು ಗುರುದಕ್ಷಿಣೆ ಎಂದು ಕೊಯ್ಯಿಸಿಕೊಂಡ ಕಥೆಯನ್ನು ಮಕ್ಕಳಿಗೆ ಗುರುಭಕ್ತಿ ಅಂತ ಪಾಠ ಮಾಡಿದವರು ನಾವು. ಬೆಟ್ಟಿ ಮಿಲ್ಲರ್ ಎಂಬ ಕಿವುಡು ಕಲಾವಿದೆ 1972ರಲ್ಲಿ ಒಂದು ಚಿತ್ರ ಬರೆದಳು. ಎರಡು ಕೈ. ಕೈಗೆ ಬೇಡಿ. ಬೆರಳುಗಳು ತುಂಡು ತುಂಡು. ಈ ಚಿತ್ರಕ್ಕೆ ನಮ್ಮಲ್ಲಿ ಅಡಿಟಿಪ್ಪಣಿ ಬೇಕಿಲ್ಲ. ನೋಡಿದ ಕೂಡಲೇ ನಮ್ಮ ಹೆಬ್ಬೆರಳು ನೋಯುತ್ತದೆ.

ಮಿಲ್ಲರ್ ಕಲಿಸುತ್ತಿದ್ದದ್ದು ವಾಷಿಂಗ್ಟನ್ನಿನ ಗ್ಯಾಲೊಡೆಟ್‌ನಲ್ಲಿ. ಕಿವುಡರಿಗಾಗಿ 1864ರಲ್ಲಿ ಶುರುವಾದ ಕಾಲೇಜು ಅದು, ಈಗ ವಿಶ್ವವಿದ್ಯಾಲಯ. 124 ವರ್ಷ ಅದಕ್ಕೆ ಒಬ್ಬ ಕಿವುಡ ಅಧ್ಯಕ್ಷನಿರಲಿಲ್ಲ. 1988ರ ಮಾರ್ಚಿನಲ್ಲಿ ಮತ್ತೆ ಕಿವಿ ಕೇಳಿಸುವವರನ್ನೇ ನೇಮಿಸಿದಾಗ ವಿದ್ಯಾರ್ಥಿಗಳು ಗೇಟು ಮುಚ್ಚಿ ಬೀದಿಗಿಳಿದರು. ಒಂದೇ ವಾರ. ನೇಮಕವಾದಾಕೆ ರಾಜೀನಾಮೆ ಕೊಟ್ಟರು, ಐ. ಕಿಂಗ್ ಜೋರ್ಡನ್ ಮೊದಲ ಕಿವುಡ ಅಧ್ಯಕ್ಷನಾದ. ಆ ಮಕ್ಕಳಿಗೆ ಯಾರೂ ದನಿಯಾಗಲಿಲ್ಲ. ಅವರ ಕೈಗಳೇ ಸಾಕಾದವು.

ಇಂಥ ಸಿಟ್ಟಿಗೆ ಕಿಮ್ ಲೆಕ್ಕ ಇಟ್ಟಿದ್ದಾರೆ. 2018ರಲ್ಲಿ ಬರೆದ ಚಿತ್ರಮಾಲೆಗೆ ಆಕೆ ಇಟ್ಟ ಹೆಸರು, ಕನ್ನಡದಲ್ಲಿ ಹೇಳುವುದಾದರೆ, 'ಕಿವುಡು ಸಿಟ್ಟಿನ ಡಿಗ್ರಿಗಳು'. ಹೈಸ್ಕೂಲು ಮೇಷ್ಟ್ರುಗಳೇ, ನೀವು ಕಪ್ಪು ಹಲಗೆಯ ಮೇಲೆ ಬರೆಯುವ ಕೋನಗಳೇ ಅವು: ಲಘುಕೋನ, ಲಂಬಕೋನ, ವಿಶಾಲಕೋನ, ಕೊನೆಗೆ ಪೂರ್ತಿ ಸುತ್ತಿದ ವೃತ್ತ. ಒಂದೊಂದು ಅವಮಾನಕ್ಕೂ ಒಂದೊಂದು ಅಳತೆಯ ಸಿಟ್ಟು. ಕಿವಿ ಕೇಳಿಸದವಳು ಅಂದಕೂಡಲೇ ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ತಂದು ನಿಲ್ಲಿಸುತ್ತಾರೆ - ಅದಕ್ಕೊಂದು ಕೋನ. ನಡೆಯುವ ಕಾಲಿದೆ ಮಾರಾಯ, ನನಗೆ ಬೇಕಾದ್ದು ಅಕ್ಷರದಲ್ಲಿ ಸುದ್ದಿ! ಅನುಕಂಪದ ಗುಣವೇ ಇದು. ಏನು ಬೇಕು ಅಂತ ಕೇಳುವುದಿಲ್ಲ, ತನಗೆ ತೋಚಿದ್ದು ಕೊಟ್ಟು ಪುಣ್ಯ ಕಟ್ಟಿಕೊಳ್ಳುತ್ತದೆ. ದಲಿತನ ಸಿಟ್ಟನ್ನು ಕೀಳರಿಮೆ ಅಂದರು, ಬಂಡಾಯದ ಸಿಟ್ಟನ್ನು ಕಲೆಯಲ್ಲ ಅಂದರು. ಇದ್ದಿಲಲ್ಲಿ ಗೀಚಿದ ಈ ಕೋನಗಳು ಸಿಟ್ಟಿಗೂ ಗಣಿತವಿದೆ, ಕಾರಣವಿದೆ, ಪ್ರಮಾಣವಿದೆ ಎಂದು ಸಾಧಿಸುತ್ತವೆ.

ಇನ್ನೊಂದು ಜಗಳ ಆಕೆಯದು ಅಡಿಬರಹದ ಮೇಲೆ. ಸಿನಿಮಾದ ಕೆಳಗೆ ಕಿವುಡರಿಗಾಗಿ ಅಕ್ಷರ ಹಾಕುತ್ತಾರಲ್ಲ, ಅದು. ಹಾಡು ಬಂದಾಗ 'ಸಂಗೀತ' ಅಂತ ಒಂದು ಪದ ಬರೆದು ಕೈ ತೊಳೆದುಕೊಳ್ತಾರೆ. ಯಾವ ಸಂಗೀತ? ಸಾವಿನ ಮನೆಯದೋ, ಮದುವೆ ಮನೆಯದೋ? ಕೇಳುವವನ ತಟ್ಟೆಗೆ ಊಟ, ಕಿವುಡನ ತಟ್ಟೆಗೆ 'ಊಟ' ಎಂಬ ಚೀಟಿ! ಕಿಮ್ ಈ ಕೆಲಸವನ್ನು ಕೇಳುವವರ ಕೈಯಿಂದ ಕಿತ್ತುಕೊಂಡರು. ಕಿವುಡು ಗೆಳೆಯರಿಂದಲೇ ಅಡಿಬರಹ ಬರೆಸಿದರು. 2021ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಕಟ್ಟಡಗಳ ಮೇಲೆಯೇ ಅಡಿಬರಹ ಹಚ್ಚಿದರು. ಪ್ರಶ್ನೆ ಅಕ್ಷರದ್ದಲ್ಲ. ಲೋಕದ ಸದ್ದಿಗೆ ಹೆಸರಿಡುವ ಹಕ್ಕು ಯಾರದು ಎನ್ನುವುದು.

ನ್ಯೂಯಾರ್ಕಿನ ಮ್ಯೂಸಿಯಂ ಗೋಡೆಯ ಮೇಲೆ ನೇತುಹಾಕಿದ ಸಿಟ್ಟು ನಮಗ್ಯಾಕೆ, ಅದು ಉಳ್ಳವರ ಶೋಕಿ ಅಂತ ಕೆಲವು ಗೆಳೆಯರು ಮೂಗು ಮುರಿಯಬಹುದು. ಅನುಮಾನ ನ್ಯಾಯವಾದದ್ದೇ. ಉಳ್ಳವರ ಗೋಡೆ ಎಂಥ ಬೆಂಕಿಯನ್ನೂ ಅಲಂಕಾರ ಮಾಡಿಬಿಡುತ್ತದೆ. ಆದರೆ ಇದನ್ನೂ ಕೇಳಿ. ಈ ಕೋನಗಳು 2019ರಲ್ಲಿ ವಿಟ್ನಿ ಮ್ಯೂಸಿಯಂನ ದೊಡ್ಡ ಪ್ರದರ್ಶನದಲ್ಲಿದ್ದವು. ಆ ಮ್ಯೂಸಿಯಂನ ಉಪಾಧ್ಯಕ್ಷ ವಾರೆನ್ ಕ್ಯಾಂಡರ್ಸ್ ಅಶ್ರುವಾಯು ಮಾರುವ ಕಂಪನಿಯ ಒಡೆಯ. ಗಡಿಯಲ್ಲಿ ವಲಸಿಗರ ಮೇಲೆ ಆ ಕಂಪನಿಯ ಸರಕು ಸಿಡಿದಿತ್ತು. ನಮ್ಮ ಕೃತಿ ವಾಪಸ್ ಕೊಡಿ ಎಂದು ಎಂಟು ಕಡೆಯಿಂದ ಪತ್ರ ಹೋಯಿತು. ವಲಸೆಗಾರರ ಮಗಳು ಕಿಮ್ ಕೂಡ ಬರೆದವರಲ್ಲಿ ಒಬ್ಬರು. ಜುಲೈ ಮುಗಿಯುವಷ್ಟರಲ್ಲಿ ಆತ ರಾಜೀನಾಮೆ ಕೊಟ್ಟ. ಗೋಡೆಯ ಮೇಲೆ ಇದ್ದು ಗೋಡೆಯನ್ನೇ ಅಲ್ಲಾಡಿಸುವುದು ಅಂದರೆ ಇದು. ಪ್ರಶಸ್ತಿ ಬಂದ ಮರುದಿನ ಮೆತ್ತಗಾಗುವ ನಮ್ಮ ಕ್ರಾಂತಿಕಾರಿಗಳು ಸ್ವಲ್ಪ ಈ ಕಡೆ ನೋಡಲಿ.

ಬಾಬಾಸಾಹೇಬರು 1920ರಲ್ಲಿ ತಮ್ಮ ಪತ್ರಿಕೆಗೆ 'ಮೂಕನಾಯಕ' ಎಂದು ಹೆಸರಿಟ್ಟರು. ಅಲ್ಲಿ ಮೂಕ ಎಂದರೆ ಗಂಟಲಿಲ್ಲದವನಲ್ಲ. ಬಾಯಿ ಮುಚ್ಚಿಸಿಕೊಂಡವನು. ಅದಕ್ಕೆ ಔಷಧ ಇನ್ನೊಬ್ಬರ ದನಿಯ ದಾನವಾಗಿರಲಿಲ್ಲ, ಸ್ವಂತ ಪತ್ರಿಕೆಯಾಗಿತ್ತು. ಇದೇ ಮಾತು ಕಿವುಡರಿಗೂ. 2011ರ ಜನಗಣತಿಯಂತೆ ಈ ದೇಶದಲ್ಲಿ ಶ್ರವಣದೋಷವಿರುವವರು 50 ಲಕ್ಷಕ್ಕೂ ಹೆಚ್ಚು. 2016ರ ಅಂಗವಿಕಲರ ಹಕ್ಕುಗಳ ಕಾನೂನು ಸಂಜ್ಞಾ ಭಾಷೆಯನ್ನು ಸಂವಹನದ ಸಾಧನವೆಂದು ಒಪ್ಪಿದೆ. ಕಾನೂನು ಒಪ್ಪಿತು, ಊರು ಒಪ್ಪಬೇಕಲ್ಲ! ಈ ಲಕ್ಷಗಳಲ್ಲಿ ಕೇರಿಯ ಮಗುವೂ ಇದೆ. ಅದಕ್ಕೆ ಬೀಗ ಎರಡು.

ಆದ್ದರಿಂದ, ಕಾರ್ಯಕರ್ತರೇ, ಸಭೆ ಕರೆಯುವಾಗ ಮೈಕಿಗೆ ದುಡ್ಡು ಎತ್ತುತ್ತೀರಲ್ಲ, ಸಂಜ್ಞಾ ಭಾಷೆ ಬಲ್ಲವರನ್ನು ಕರೆಸಲೂ ಎತ್ತಿ. ಅವರನ್ನು ಬೆಳಕಿರುವ ಕಡೆ ನಿಲ್ಲಿಸಿ. ಹಾಡುವ ಹಾಡನ್ನು ಹಾಳೆಯಲ್ಲಿ ಬರೆದು ಹಂಚಿ. ಮೇಷ್ಟ್ರುಗಳೇ, ಕೊನೆ ಬೆಂಚಿನಲ್ಲಿ 'ಮಂಕು' ಎಂದು ಕೂರಿಸಿದ ಹುಡುಗಿಗೆ ನಿಜವಾಗಿ ಕೇಳಿಸುತ್ತದೆಯೇ, ಮೊದಲು ನೋಡಿ. ಆ ಹುಡುಗಿ ಕೈಯಾಡಿಸಿ ಏನಾದರೂ ಹೇಳಿದರೆ ಕೈ ಕೆಳಗಿಳಿಸು ಅನ್ನಬೇಡಿ. ವಿದ್ಯಾರ್ಥಿಗಳೇ, ಕಿವುಡರ ಬಗ್ಗೆ ಕವನ ಬರೆಯುವ ಮೊದಲು ಅವರ ಭಾಷೆಯ ಹತ್ತು ಪದ ಕಲಿಯಿರಿ.

ಅವರಿಗೆ ದನಿಯಾಗಬೇಡಿ. ಅವರ ಕೈ ಬಿಡಿ. ನಿಮ್ಮ ಕಣ್ಣು ತೆರೆಯಿರಿ.