ಹಕ್ಕಿ ಮೇಲೆದ್ದರೆ ದೋಣಿ ಹಿಂದೆ ಬರಲಿ

ಈ ಸಲದ ಕಾಲೇಜು ಪ್ರವಾಸಕ್ಕೆ ಲಕ್ಕವಳ್ಳಿಯ ಭದ್ರಾ ಹಿನ್ನೀರಿಗೆ ಹೋಗೋಣ ಎಂಬ ಮಾತು ತರಗತಿಗಳಲ್ಲಿ ಕೇಳಿಬರುತ್ತಿದೆ. ನನಗೂ ಸಂತೋಷವೇ. ಆದರೆ ಹೊರಡುವ ಮೊದಲು ನಾವೆಲ್ಲ ಒಂದು ವಿಷಯಕ್ಕೆ ಒಪ್ಪಿಕೊಳ್ಳಬೇಕು.

ಕಳೆದ ರಂಜಾನ್ ಹಬ್ಬದ ಮರುದಿನ ಭದ್ರಾವತಿಯ ಮಾಮು ನಮ್ಮನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಬೇಸಿಗೆಯಲ್ಲಿ ನೀರು ಇಳಿದಾಗ ಹಿನ್ನೀರಿನ ನಡುವೆ ಕಲ್ಲುಮಣ್ಣಿನ ಬೋಳು ನಡುಗಡ್ಡೆಗಳು ಕಾಣಿಸಿಕೊಳ್ಳುತ್ತವೆ. ಪ್ರತಿವರ್ಷ ರಿವರ್ ಟರ್ನ್ ಹಕ್ಕಿಗಳು ಗುಂಪುಗುಂಪಾಗಿ ಅಲ್ಲಿಗೆ ಬರುತ್ತವೆ. ಹಳದಿ ಕೊಕ್ಕು, ಕಪ್ಪು ಟೋಪಿ ಹಾಕಿದಂಥ ತಲೆ, ಕವಲೊಡೆದ ಬಾಲ. ಇವು ಮರದ ಮೇಲೆ ಗೂಡು ಕಟ್ಟುವುದಿಲ್ಲ. ನೆಲದಲ್ಲೇ ಸಣ್ಣ ಗುಳಿ ಮಾಡಿ ಮೊಟ್ಟೆ ಇಡುತ್ತವೆ. ಮಳೆಗಾಲದಲ್ಲಿ ನೀರು ಏರಿ ನಡುಗಡ್ಡೆ ಮುಳುಗುವ ಮೊದಲು ಮರಿಗಳು ಹಾರಲು ಕಲಿಯಬೇಕು.

ನಮ್ಮ ದೋಣಿ ದೂರದಲ್ಲೇ ನಿಂತಿತು. "ಇನ್ನೂ ಸ್ವಲ್ಪ ಹತ್ತಿರ ಹೋಗೋಣ ಅಣ್ಣ, ವಿಡಿಯೊ ಸರಿಯಾಗಿ ಬರ್ತಿಲ್ಲ" ಎಂದು ಒತ್ತಾಯಿಸಿದವನು ನಾನೇ. ಹತ್ತಿರ ಹೋದದ್ದೇ ತಡ, ಹಕ್ಕಿಗಳೆಲ್ಲ ಒಮ್ಮೆಗೇ ಮೇಲೆದ್ದು ಕಿರುಚುತ್ತಾ ನಮ್ಮ ತಲೆಯ ಮೇಲೆಯೇ ಎರಗಿದವು. ನಾವು ನಕ್ಕೆವು. ಆ ನಗು ಇನ್ನೂ ನನ್ನ ಮೊಬೈಲಿನಲ್ಲಿದೆ. "ಬಸ್, ಸಾಕು, ವಾಪಸ್ ಹೋಗೋಣ" ಎಂದವರು ಮಾಮು.

ಆಮೇಲೆ ಓದಿದಾಗ ತಿಳಿಯಿತು: ಆ ಹಕ್ಕಿಗಳು ಸುಡುಬಿಸಿಲಲ್ಲಿ ಮೊಟ್ಟೆಗೆ ನೆರಳಾಗಿ ಕೂತಿರುತ್ತವೆ. ಅವು ಎದ್ದರೆ ಮೊಟ್ಟೆ ಬಿಸಿಲಿಗೆ ಕಾಯುತ್ತದೆ. ಕಾಗೆ, ಹದ್ದುಗಳಿಗೂ ಸುಲಭವಾಗಿ ಸಿಗುತ್ತದೆ. ಅಳಿವಿನ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಯಲ್ಲಿ ಈ ಹಕ್ಕಿಯ ಹೆಸರೂ ಇದೆ. ವಾಣಿಜ್ಯ ವಿದ್ಯಾರ್ಥಿಯಾಗಿ ಹೇಳುವುದಾದರೆ, ವಿಡಿಯೊದ ಲಾಭ ನನ್ನದು, ನಷ್ಟವನ್ನು ಬರೆದದ್ದು ಹಕ್ಕಿಯ ಖಾತೆಗೆ.

"ಹತ್ತಿರದಿಂದ ನೋಡದೆ ಪ್ರೀತಿ ಹೇಗೆ ಹುಟ್ಟುತ್ತದೆ?" ಎಂದು ಗೆಳೆಯನೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಮೆಕ್ಸಿಕೊದ ಸಾನ್ ಇಗ್ನಾಸಿಯೊ ಎಂಬಲ್ಲಿಗೆ ಉತ್ತರ ಧ್ರುವದ ಕಡೆಯಿಂದ ಸಾವಿರಾರು ಕಿಲೋಮೀಟರ್ ಈಜಿ ಬೂದು ತಿಮಿಂಗಿಲಗಳು ಬರುತ್ತವೆ. ತಾಯಿ ತಿಮಿಂಗಿಲಗಳು ಮರಿಯೊಂದಿಗೆ ದೋಣಿಯ ಪಕ್ಕಕ್ಕೇ ಬರುವುದುಂಟು. ಆದರೆ ಅಲ್ಲಿ ಒಂದು ಸಲಕ್ಕೆ ಇಂತಿಷ್ಟೇ ದೋಣಿಗಳು ಎಂಬ ಮಿತಿ ಇದೆ. ಹತ್ತಿರ ಬರುವ ತೀರ್ಮಾನ ತಿಮಿಂಗಿಲದ್ದು. ಭದ್ರಾದ ಹಕ್ಕಿ ನಮ್ಮ ಮೇಲೆ ಎರಗುವುದು ಸ್ವಾಗತಕ್ಕಲ್ಲ, "ಹೋಗಿ" ಎನ್ನುವುದಕ್ಕೆ.

ಒಂದು ಪ್ರಯಾಣದಲ್ಲಿ ಸಹಾಬಿಗಳು ಹಕ್ಕಿಯೊಂದರ ಎರಡು ಮರಿಗಳನ್ನು ಎತ್ತಿಕೊಂಡಾಗ ತಾಯಿಹಕ್ಕಿ ಚಡಪಡಿಸಿತು. ಅದನ್ನು ಕಂಡ ಪ್ರವಾದಿಯವರು (ಸ) ಮರಿಗಳನ್ನು ಹಿಂದಿರುಗಿಸಲು ಹೇಳಿದರೆಂದು ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ನಾವು ಚಿಕ್ಕಂದಿನಿಂದ ಕೇಳಿದ ಘಟನೆ. ದೋಣಿಯಲ್ಲಿ ಅದು ನನಗೆ ನೆನಪಾಗಲಿಲ್ಲ.

ಆದ್ದರಿಂದ ನನ್ನ ಮನವಿ ಇಷ್ಟೇ. ಯಾರೂ ನಡುಗಡ್ಡೆಗೆ ಇಳಿಯುವುದು ಬೇಡ. ಸ್ಪೀಕರ್ ಬಸ್ಸಿನಲ್ಲೇ ಇರಲಿ. ಹತ್ತಿರ ಒಯ್ಯಿರಿ ಎಂದು ದೋಣಿಯವರನ್ನು ಪೀಡಿಸುವುದು ಬೇಡ. ಒಂದೆರಡು ದುರ್ಬೀನು ಸಿಕ್ಕರೆ ಸರದಿಯಲ್ಲಿ ನೋಡೋಣ. ಹಕ್ಕಿ ಮೇಲೆದ್ದರೆ ದೋಣಿ ಹಿಂದೆ ಬರಲಿ. ವಿಡಿಯೊ ಸ್ವಲ್ಪ ಮಸುಕಾದರೆ ಆಗಲಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ