ಮಹಾಮಾರಿ ಹೋಯಿತು, ಉದ್ರಿ ಉಳಿಯಿತು



2020ರ ಮಾರ್ಚ್ 25 ಯುಗಾದಿ ಪಾಡ್ಯ. ಅಂಗಡಿ ಪೂಜೆ ಮಾಡಿ ಹೊಸ ವ್ಯಾಪಾರ ಆರಂಭಿಸಬೇಕಾದ ದಿನವೇ ಕೊರೋನಾ ನಿಮಿತ್ತ ದೇಶವೆಲ್ಲ ಬಂದಾಯಿತು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಆದರೆ ಓಣಿಯ ಕಿರಾಣಿ ಅಂಗಡಿಯ ಉದ್ರಿ ವಹಿಯಲ್ಲಿ ಆ ದಿನಗಳ ಬಾಕಿ ಇನ್ನೂ ಉಳಿದಿದೆ. ಕೃಷಿ ಮತ್ತು ಆರೋಗ್ಯದ ಈ ಅಂಕಣದಲ್ಲಿ ಉದ್ರಿಯ ಮಾತೇಕೆ ಎಂದು ಕೆಲವರು ಕೇಳಬಹುದು. ರೋಗಕಾಲದಲ್ಲಿ ಜೀವ ಉಳಿಸಿದ್ದು ಔಷಧಿ ಮಾತ್ರವಲ್ಲ, ಒಲೆಯ ಮೇಲಿನ ಗಡಿಗೆಯೂ ಹೌದು. ಎಷ್ಟೋ ಮನೆಗಳಲ್ಲಿ ಆ ಗಡಿಗೆ ಉದ್ರಿಯಿಂದ ತುಂಬಿತ್ತು.

ಇಚಲಕರಂಜಿಯನ್ನೇ ನೋಡಿರಿ. 1904ರಲ್ಲಿ ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ಪವರ್‌ಲೂಮ್ ಹಾಕಿದರು. ಇಂದು ಆ ಊರು ಬದುಕುವುದೇ ಮಗ್ಗದ ಮೇಲೆ. ಮಗ್ಗ ನಡೆಸುವವನಿಗೆ ತಿಂಗಳ ಪಗಾರವಿಲ್ಲ. ನೇಯ್ದ ಅರಿವೆಗೆ ತಕ್ಕಷ್ಟು ಮಜೂರಿ. ಮಗ್ಗ ನಿಂತ ದಿನ ಕೈ ಬರಿದು. ನಾಲ್ಕಾರು ಮಗ್ಗ ಇಟ್ಟುಕೊಂಡ ಸಣ್ಣ ಧಣಿಯ ಪಾಡೂ ಬಹಳ ಬೇರೆಯಲ್ಲ. ಅವರಲ್ಲಿ ಅನೇಕರು ‘ಖರ್ಚೀವಾಲಾ’ಗಳು: ನೂಲು ವ್ಯಾಪಾರಿಯದು, ಅರಿವೆಯೂ ವ್ಯಾಪಾರಿಯದು, ಇವರಿಗೆ ನೇಯ್ಗೆಯ ಮಜೂರಿ ಮಾತ್ರ. ಲೂಮ್ ಬಂದಾದಾಗ ಉತ್ತರ ಪ್ರದೇಶ, ಬಿಹಾರಗಳಿಂದಲೂ ನಮ್ಮ ಉತ್ತರ ಕರ್ನಾಟಕದಿಂದಲೂ ಬಂದ ಕಾರ್ಮಿಕರು ಸಿಕ್ಕಿಬಿದ್ದರು. ರೇಶನ್ ಕಾರ್ಡು ಊರಲ್ಲಿ, ಹೊಟ್ಟೆ ಇಲ್ಲಿ. ಸರಕಾರ ಕಾರ್ಡಿದ್ದವರಿಗೆ ತಲೆಗೆ 5 ಕಿಲೋ ಧಾನ್ಯ ಪುಕ್ಕಟೆ ಕೊಟ್ಟಿತು. ಶಿವಭೋಜನ ಥಾಳಿಯ ದರ 10 ರೂಪಾಯಿಯಿಂದ 5ಕ್ಕೆ ಇಳಿಯಿತು. ಇವು ದೊಡ್ಡ ಉಪಕಾರಗಳೇ. ಆದರೆ ಎಣ್ಣೆ, ಚಹಾಪುಡಿ, ಸಾಬೂನು, ಮಗುವಿನ ಬಿಸ್ಕೀಟು? “ಬರೆದುಕೊಳ್ಳಿರಿ ಅಣ್ಣಾ, ಲೂಮ್ ಸುರುವಾದ ಮೇಲೆ ಕೊಡುತ್ತೇನೆ” ಎಂಬ ಮಾತಿನ ಮೇಲೆ ಅವು ಮನೆಗೆ ಬಂದವು.

ಬ್ಯಾಂಕುಗಳು ಕೂಡ 2020ರ ಆಗಸ್ಟ್ ಕೊನೆಯವರೆಗೆ ಸಾಲದ ಕಂತು ಮುಂದೂಡಲು ಅವಕಾಶ ಕೊಟ್ಟವು, ಬಡ್ಡಿ ಮಾತ್ರ ಓಡುತ್ತಲೇ ಇತ್ತು. ಓಣಿಯ ಅಂಗಡಿಯವನ ವಹಿಯಲ್ಲಿ ಬಡ್ಡಿಗೆ ಜಾಗವೇ ಇಲ್ಲ. ಅವನು ಮಾಲನ್ನು ತಂದದ್ದು ನಗದು ಎಣಿಸಿ. ಆ ದಿನಗಳಲ್ಲಿ ಬೇಳೆ-ಎಣ್ಣೆಗೆ ಹೆಚ್ಚಿನ ದರ ಹಾಕಿದವರೂ ಇದ್ದರು. ಅದನ್ನು ನಾವು ಮುಚ್ಚಿಡುವುದಿಲ್ಲ. ಅಂಥವರ ಪರವಾಗಿ ನಾವು ಬರೆಯುತ್ತಿಲ್ಲ.

ಮುಂದೇನಾಯಿತು? ಮಗ್ಗಗಳು ತಿರುಗಿದವು, ಮಜೂರಿ ಕೈಗೆ ಬಂತು. ಆದರೆ ಹಳೆಯ ಬಾಕಿಯ ಸಂಕೋಚದಿಂದ ಜನ ಆ ಅಂಗಡಿಯ ಮುಂದೆ ಹಾಯುವುದನ್ನೇ ಬಿಟ್ಟರು. ನಗದು ದೊಡ್ಡ ಮಾರ್ಟಿಗೆ ಹೋಯಿತು, ಇಲ್ಲವೆ ಮೊಬೈಲಿನಲ್ಲಿ ತರಿಸುವ ಕಂಪನಿಗೆ ಹೋಯಿತು. ಕಷ್ಟದಲ್ಲಿ ಕೈಹಿಡಿದ ಅಂಗಡಿಯವನಿಗೆ ಹಣವೂ ಇಲ್ಲ, ಗಿರಾಕಿಯೂ ಇಲ್ಲ. ಬಾಕಿಗಿಂತ ಈ ಎರಡನೆಯ ಪೆಟ್ಟೇ ದೊಡ್ಡದೆಂದು ನಮ್ಮ ಅಭಿಪ್ರಾಯ. ಸಾವಿರ ರೂಪಾಯಿ ಬಾಕಿ ಇದ್ದವನು ನೂರು ಕೊಟ್ಟು, ಅಲ್ಲಿಯೇ ನಗದು ಸಾಮಾನು ಕೊಳ್ಳುತ್ತಿದ್ದರೆ ಆ ಅಂಗಡಿ ಹೇಗಾದರೂ ನಡೆಯುತ್ತದೆ.

ಕೊಲ್ಹಾಪುರದ ಚಪ್ಪಲಿ ಕಸಬುದಾರರದು ಇನ್ನೊಂದು ಕತೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಮಾನ್ಯತೆ ಸಿಕ್ಕಿತು. ಮಹಾರಾಷ್ಟ್ರದ 4, ಕರ್ನಾಟಕದ 4 ಜಿಲ್ಲೆಗಳಿಗೆ ಅದರಲ್ಲಿ ಪಾಲುಂಟು. ಮರುವರ್ಷವೇ ಮಹಾಲಕ್ಷ್ಮಿ ಗುಡಿ ತಿಂಗಳುಗಟ್ಟಲೆ ಮುಚ್ಚಿತು. ಯಾತ್ರಿಕರಿಲ್ಲದೆ ಚಪ್ಪಲಿ ಕೊಳ್ಳುವವರಾರು? ಅಂಥ ಹೊತ್ತಿನಲ್ಲಿ ಅರ್ಧ ಬೆಲೆಗೆ ಜಗ್ಗಾಡಿ ಕೊಂಡವನು ‘ನಾನೂ ಸಹಾಯ ಮಾಡಿದೆ’ ಎಂದರೆ ನಾವು ಒಪ್ಪಲಾರೆವು.

ಗಡಹಿಂಗ್ಲಜದ ಪೇಟೆ ಶೇಂಗಾ, ಮೆಣಸಿನಕಾಯಿಗಳದು. ಅಲ್ಲಿಯ ಕನ್ನಡಿಗರಿಗೆ ಸಂಕೇಶ್ವರ, ಬೆಳಗಾವಿ ಎಂದರೆ ಪರನಾಡಲ್ಲ. 2021ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದಿಂದ ಬರುವವರು ಆರ್‌ಟಿ-ಪಿಸಿಆರ್ ವರದಿ ತೋರಿಸಬೇಕೆಂದು ಕರ್ನಾಟಕ ಸರಕಾರ ಆದೇಶಿಸಿತು. ಹೆದ್ದಾರಿಯ ಕೊಗನೋಳಿ ನಾಕೆಯಲ್ಲಿ ತಪಾಸಣೆ ಬಿಗಿಯಾಯಿತು. ಸಂತೆಗಳು ನಿಂತಾಗ ಕಾಯಿಪಲ್ಲೆ, ಹೂವು ಬೆಳೆದವನು ಹೊಲದಲ್ಲಿಯೇ ಸೋತ. ಹಾಲಿನ ಸಂಗ್ರಹ ಮಾತ್ರ ನಿಲ್ಲಲಿಲ್ಲ. ಎಮ್ಮೆ ಇದ್ದ ಮನೆಗೆ ಡೇರಿಯ ಬಿಲ್ಲು ಬರುತ್ತಿತ್ತು, ಅದರಿಂದ ಕಿರಾಣಿಯೂ ತೀರುತ್ತಿತ್ತು. ಬರೀ ಕಬ್ಬನ್ನೋ ಕಾಯಿಪಲ್ಲೆಯನ್ನೋ ನೆಚ್ಚಬೇಡಿರಿ, ಒಂದು ಎಮ್ಮೆಯನ್ನಾದರೂ ಕಟ್ಟಿರಿ ಎಂದು ನಾವು ಈಗಲೂ ರೈತ ಬಾಂಧವರಿಗೆ ಹೇಳುತ್ತೇವೆ.

ಆರೋಗ್ಯದ ಒಂದು ಮಾತು. ಮನೆಯಲ್ಲಿ ಒಬ್ಬರಿಗೆ ರೋಗ ಬಂದಿತೆಂದು, ಅವರು ಗುಣವಾದ ಮೇಲೆಯೂ ಆ ಹಾಲಿನವನ, ಆ ಅಂಗಡಿಯವನ ಹತ್ತಿರ ಜನ ಹೋಗದಿದ್ದದ್ದುಂಟು. ಕೊರೋನಾ ಮುಖ್ಯವಾಗಿ ಹರಡುವುದು ಉಸಿರಿನ ಗಾಳಿಯಿಂದ. ವಸ್ತು ಮುಟ್ಟಿ ಬರುವುದು ವಿರಳ. ಗಾಳಿಯಾಡದ ದೊಡ್ಡ ಮಳಿಗೆಯ ಗದ್ದಲಕ್ಕಿಂತ ಓಣಿಯ ಅಂಗಡಿಯ ಮುಂದೆ ಬಯಲಿನಲ್ಲಿ ಅಂತರ ಬಿಟ್ಟು ನಿಲ್ಲುವುದೇ ಕ್ಷೇಮ. ಇನ್ನು ಬೆಲ್ಲ-ಶುಂಠಿಯ ಕಷಾಯದಿಂದ ಕೊರೋನಾ ಬಾರದೆಂಬುದು ಸುಳ್ಳು. ಆದರೆ ಕೆಲಸವಿಲ್ಲದ ಮನೆಯ ಮಕ್ಕಳಿಗೆ ನಮ್ಮ ನೆಲದ ಶೇಂಗಾ, ಬೆಲ್ಲ ಅಗ್ಗದ ಒಳ್ಳೆಯ ಆಹಾರ. ಕೊಂಡರೆ ರೈತನಿಗೂ ನಾಲ್ಕು ಕಾಸು.

ಅನುಕೂಲಸ್ಥ ವ್ಯಾಪಾರಿಗಳಿಗೂ ಹೇಳುವುದಿದೆ. 2006ರ ಸಣ್ಣ ಉದ್ಯಮಗಳ ಕಾಯ್ದೆಯಂತೆ, ನೋಂದಾಯಿತ ಸಣ್ಣ ಉದ್ಯಮಿಯ ಬಿಲ್ಲನ್ನು ಹೆಚ್ಚೆಂದರೆ 45 ದಿನಗಳಲ್ಲಿ ಸಂದಾಯ ಮಾಡಬೇಕು. ಆದರೆ ಕೇಳಲು ಖರ್ಚೀವಾಲಾ ಹೆದರುತ್ತಾನೆ. ಕೇಳಿದರೆ ಮುಂದಿನ ಬೀಮು ಬೇರೆಯವನ ಮಗ್ಗಕ್ಕೆ ಹೋದೀತು. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕೆಂದು ಹಳೆಯ ಒಡಂಬಡಿಕೆಯ ಆಜ್ಞೆಯಿದೆ. ಅಲ್ಲಿ 45 ದಿನಗಳ ರಿಯಾಯತಿಯೂ ಇಲ್ಲ.

ದೀಪಾವಳಿಗೆ ಅಂಗಡಿಯವರು ಹೊಸ ವಹಿ ತೆರೆಯುತ್ತಾರೆ. ಹಳೆಯ ಬಾಕಿಗಳನ್ನು ಒಂದೊಂದಾಗಿ ಅದಕ್ಕೆ ಎತ್ತಿ ಬರೆಯುತ್ತಾರೆ. ಅದಕ್ಕೂ ಮುಂಚೆ ಒಮ್ಮೆ ಹೋಗಿರಿ. ಪೂರ್ತಿ ತೀರಿಸಲಾಗದಿದ್ದರೆ ಇದ್ದಷ್ಟು ಕೊಟ್ಟು, ನಿಮ್ಮ ಹೆಸರಿನ ಮುಂದೆ ಜಮಾ ಬರೆಸಿರಿ. ಬರುವಾಗ ಅಲ್ಲಿಂದಲೇ ಎಣ್ಣೆ, ಸಕ್ಕರೆ ತನ್ನಿರಿ.