ಅಜ್ಜನ ಮುಖಕ್ಕೆ ಹಸುರು ಛಾಯೆ

ಆಳಂದ, ಅಫಜಲಪುರ, ಜೇವರ್ಗಿಗಳ ಹಳೆಯ ಮನೆಗಳ ಪಡಸಾಲೆಯಲ್ಲಿ ಹಿರಿಯರ ಕಪ್ಪು-ಬಿಳುಪು ಭಾವಚಿತ್ರ ತೂಗುತ್ತಿರುವುದುಂಟು. ಗಾಣಗಾಪುರದ ಯಾತ್ರೆಯಲ್ಲಿ ತೆಗೆಸಿದ್ದೂ ಆಗಿರಬಹುದು. ಅದು ಮಾಸುವ ಮುನ್ನ ಸ್ಕ್ಯಾನ್ ಮಾಡಿಸಿ ಹೊಸ ಪ್ರತಿ ತೆಗೆಸಿದರೆ, ಪರದೆಯ ಮೇಲೆ ನೆಟ್ಟಗಿದ್ದ ಅಜ್ಜನ ಮುಖ ಕಾಗದದ ಮೇಲೆ ಮಂಕಾಗಿಯೋ ಹಸುರಾಗಿಯೋ ಮೂಡುತ್ತದೆ!

ದೋಷವೆಲ್ಲಿ? ಕಡತದಲ್ಲಿರುವುದು ಬರಿಯ ಅಂಕೆ: ಕಪ್ಪಿಗೆ 0, ಬಿಳುಪಿಗೆ 255. ನಡುವಿನ 128 ಎಷ್ಟು ಬೂದು ಎಂಬುದನ್ನು ತಿಳಿಸುವುದು ಜೊತೆಗಿರುವ ಪ್ರೊಫೈಲ್. ಊರಿಗೊಂದು ಸೇರಿದ್ದ ಕಾಲದಲ್ಲಿ ‘ನಾಲ್ಕು ಸೇರು ಜೋಳ’ ಎಂದರೆ ಸಾಲುತ್ತಿತ್ತೇ? ಪ್ರೊಫೈಲ್ ಇಲ್ಲದಿದ್ದರೆ ಯಂತ್ರ ಊಹಿಸುತ್ತದೆ; ಊಹೆ ತಪ್ಪಿದರೆ ಮುಖ ಮಂಕು.

ಹಸುರಿನ ಕಾರಣ ಬೇರೆ. ಬಣ್ಣದ ಕಾಗದದಲ್ಲಿ ಬೂದು ಹುಟ್ಟುವುದು ಮೂರು ವರ್ಣಗಳ ಸಮತೋಲದಿಂದ. ಅದು ತುಸು ತಪ್ಪಿದರೂ ಬಣ್ಣದ ಚಿತ್ರದಲ್ಲಿ ಅಡಗಿಹೋಗುವ ಕುಂದು ಇಲ್ಲಿ ಎದ್ದು ಕಾಣುತ್ತದೆ.

ಉಪಾಯ ಕಠಿಣವಲ್ಲ. ಮೂಲ ಸ್ಕ್ಯಾನನ್ನು ಟಿಫ್ ರೂಪದಲ್ಲಿ ಮುಟ್ಟದೆ ಕಾಪಾಡಬೇಕು. ಅದರ ಬೂದು ಪ್ರತಿಯನ್ನು, 1996ರಲ್ಲಿ ರೂಪುಗೊಂಡು ಬಹುತೇಕ ಲ್ಯಾಬುಗಳು ಬಲ್ಲ ಎಸ್‌ಆರ್‌ಜಿಬಿಗೆ ಪರಿವರ್ತಿಸಿ, ಪ್ರೊಫೈಲ್ ಸಹಿತ ಜೆಪೆಗ್ ಆಗಿ ಉಳಿಸಬೇಕು. ಮೊದಲು ಸಣ್ಣ ಪ್ರತಿಯೊಂದನ್ನು ತೆಗೆಸಿ ಹಗಲಿನ ಬೆಳಕಿನಲ್ಲಿ ನೋಡಬೇಕು. ಆಗಲೂ ಹಸುರು ಉಳಿದರೆ ತಿದ್ದಬೇಕಾದದ್ದು ಲ್ಯಾಬಿನ ಯಂತ್ರವನ್ನು, ಅಜ್ಜನ ಚಿತ್ರವನ್ನಲ್ಲ.